ಭಾನುವಾರ ಸಂಜೆಯ ಮಸಾಲೆ ದೋಸೆ: ಹಾಸನದ ಒಂದು ಬಡಾವಣೆ ಹೋಟೆಲಿನ ಪ್ರಕರಣ ಅಧ್ಯಯನ

ಹಾಸನದ ಸಾಲಗಾಮೆ ರಸ್ತೆಯ ಕಡೆಯ ಬಡಾವಣೆಯಲ್ಲಿ ಒಂದು ಸಸ್ಯಾಹಾರಿ ಹೋಟೆಲು. ಹನ್ನೆರಡು ಟೇಬಲ್ಲು, ನಲವತ್ತೆಂಟು ಕುರ್ಚಿ, ಒಂದು ದೋಸೆ ಕಲ್ಲು, ಒಬ್ಬರು ದೋಸೆ ಭಟ್ಟರು, ನಾಲ್ವರು ಸಪ್ಲೈಯರ್‌ಗಳು. ಬೆಳಿಗ್ಗೆ ಇಡ್ಲಿ-ವಡೆ, ಮಧ್ಯಾಹ್ನ ಊಟ, ಸಂಜೆ ದೋಸೆ. ವಾರವಿಡೀ ಒಳ್ಳೆಯ ಹೆಸರಿರುವ ಹೋಟೆಲು ಭಾನುವಾರ ಸಂಜೆ ಏಳೂಕಾಲರಿಂದ ಎಂಟೂವರೆಯೊಳಗೆ ಆ ಹೆಸರನ್ನು ಕಳೆದುಕೊಳ್ಳುತ್ತಿತ್ತು. ದೋಸೆ ತಡ, ಬಂದರೂ ಮೆತ್ತಗೆ, ಒಂದೇ ಟೇಬಲ್ಲಿನ ನಾಲ್ವರಿಗೆ ನಾಲ್ಕು ಹೊತ್ತಿಗೆ. ಸಂಸಾರ ಸಮೇತ ಬರುತ್ತಿದ್ದವರು ಒಂದೊಂದಾಗಿ ಬಿಟ್ಟುಹೋದರು.

ಹೋಟೆಲಿನ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಈ ಭಾಗದ ಇಂಥ ಹೋಟೆಲುಗಳಲ್ಲಿ ಮತ್ತೆ ಮತ್ತೆ ಕಾಣುವ ಸ್ಥಿತಿಯನ್ನೇ ಒಂದು ಅಡುಗೆಮನೆಯೊಳಗೆ ಕೂರಿಸಿ ಬರೆದ ಪ್ರಕರಣವಿದು. ಅಂಕಿಗಳು ಕಲ್ಲಿನ ಅಳತೆ, ಹಿಟ್ಟಿನ ತೂಕ, ಬೇಯುವ ಸಮಯ ಹಿಡಿದು ಲೆಕ್ಕ ಹಾಕಿದವು. ತಮ್ಮ ಹೋಟೆಲಿನ ಅಳತೆ ಹಾಕಿಕೊಂಡು ಯಾರು ಬೇಕಾದರೂ ಇದೇ ಲೆಕ್ಕ ಮಾಡಬಹುದು.

ಬಡಾವಣೆ ಹೋಟೆಲಿನ ಗಿರಾಕಿ ಹೆದ್ದಾರಿ ಹೋಟೆಲಿನ ಗಿರಾಕಿಯಂತಲ್ಲ. ಬೆಂಗಳೂರು-ಮಂಗಳೂರು ರಸ್ತೆಯಲ್ಲಿ ಕಾರು ನಿಲ್ಲಿಸಿ ತಿಂದು ಹೋಗುವವರು ಮತ್ತೆ ಬರುವುದು ಯಾವಾಗಲೋ. ಇಲ್ಲಿ ಬರುವವರು ಎರಡು ಅಡ್ಡರಸ್ತೆ ಆಚೆಯ ಮನೆಯವರು: ಕಾಲೇಜಿನ ಮೇಷ್ಟ್ರು, ಆಸ್ಪತ್ರೆಯ ನರ್ಸು, ನಿವೃತ್ತ ನೌಕರರು, ಮಕ್ಕಳ ಓದಿಗೆಂದು ಊರಿಂದ ಬಂದು ಮನೆ ಮಾಡಿರುವವರು. ಒಂದು ಸಂಸಾರ ಹೋದರೆ ವರ್ಷದ ಐವತ್ತೆರಡು ಭಾನುವಾರ ಹೋದಂತೆ. ಆ ಮಾತು ಓಣಿಯಲ್ಲೂ ಹರಡುತ್ತದೆ. ಹಾಗಾಗಿ ಈ ಒಂದೂಕಾಲು ಗಂಟೆಯನ್ನು ‘ರಶ್ ಟೈಮು, ಏನು ಮಾಡಕ್ಕಾಗುತ್ತೆ’ ಎಂದು ಬಿಡುವ ಹಾಗಿಲ್ಲ.

ಮೊದಲು ಮಾಡಿದ ತಪ್ಪು ಮದ್ದುಗಳು

ಮಾಲೀಕರು ಮೊದಲು ಇನ್ನಿಬ್ಬರು ಸಪ್ಲೈಯರ್‌ಗಳನ್ನು ಸೇರಿಸಿಕೊಂಡರು. ಆರ್ಡರ್ ಬೇಗ ಬರತೊಡಗಿತು, ದೋಸೆ ಬೇಗ ಬರಲಿಲ್ಲ. ಭಟ್ಟರ ಮುಂದೆ ಚೀಟಿಗಳ ರಾಶಿ ಬೆಳೆಯಿತು ಅಷ್ಟೆ. ಆರ್ಡರ್ ತೆಗೆದುಕೊಂಡು ಹೋದ ಮೇಲೆ ಗಿರಾಕಿ ಗಡಿಯಾರ ನೋಡಲು ಶುರುಮಾಡುತ್ತಾರೆ, ಆದ್ದರಿಂದ ದೂರು ಇನ್ನೂ ಹೆಚ್ಚಿತು.

ಆಮೇಲೆ ಮೆನು ದೊಡ್ಡದು ಮಾಡಿದರು. ದೋಸೆಯ ಒತ್ತಡ ಹಂಚಿಹೋಗಲಿ ಎಂದು ನಾರ್ತ್ ಇಂಡಿಯನ್, ಚೈನೀಸ್ ಸೇರಿಸಿದರು. ಯೋಚನೆಯಲ್ಲಿ ತಪ್ಪಿಲ್ಲ, ಆದರೆ ಹಂಚಿಹೋಗಲಿಲ್ಲ. ಮಕ್ಕಳಿಗೆ ಒಂದು ಗೋಬಿ ಮಂಚೂರಿ ಹೇಳಿದವರು ಜೊತೆಗೆ ಮಸಾಲೆ ದೋಸೆಯನ್ನೂ ಹೇಳಿದರು. ಗೋಬಿಗೆ ಬೇರೆ ಬಾಣಲೆ, ಬೇರೆ ಎಣ್ಣೆ, ಬೇರೆ ಆಳು ಬೇಕಾಯಿತು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿದರೆ ಒಪ್ಪುವ ಕೆಂಪು ಬರುತ್ತದೆ, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಕರಿದ ಎಣ್ಣೆಯದು ಇನ್ನೊಂದು ಕಟ್ಟುಪಾಡು. ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಪದಾರ್ಥಗಳು) ಶೇ. 25 ದಾಟಿದರೆ ಅದನ್ನು ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಹೂಕೋಸು, ಕಾರ್ನ್‌ಫ್ಲೋರ್ ಉದುರುವ ಎಣ್ಣೆ ಬೇಗ ಕೆಡುತ್ತದೆ. ಅದೇ ಎಣ್ಣೆಗೆ ವಡೆ ಬಿಟ್ಟರೆ ವಡೆಯೂ ಕಪ್ಪು. ನಮ್ಮ ಅಭಿಪ್ರಾಯ ಸ್ಪಷ್ಟ: ಇಷ್ಟು ಸಣ್ಣ ಅಡುಗೆಮನೆಯ ಹೋಟೆಲು ಚೈನೀಸ್ ಮುಟ್ಟಬಾರದು.

ಸಿಕ್ಕಿಕೊಂಡಿರುವುದು ಕಲ್ಲಿನ ಮೇಲೆ

ದೋಸೆ ಕಲ್ಲಿನ ಅಳತೆ 900 ಮಿ.ಮೀ. ಉದ್ದ, 600 ಮಿ.ಮೀ. ಅಗಲ. ಮಸಾಲೆ ದೋಸೆಯ ವ್ಯಾಸ ಸುಮಾರು 300 ಮಿ.ಮೀ., ಅಂದರೆ ಒಂದು ಸಲಕ್ಕೆ ಆರು. ಕಾದ ಕಲ್ಲಿಗೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಲು ಅರ್ಧ ನಿಮಿಷ. ಆರು ದೋಸೆ ಹುಯ್ದು ಹರಡಲು ಒಂದು ನಿಮಿಷ. ಎಣ್ಣೆ ಅಥವಾ ಬೆಣ್ಣೆ ಹಾಕಿ ಕೆಂಪಗಾಗಲು ಎರಡು ನಿಮಿಷ. ಕೆಂಪು ಚಟ್ನಿ ಸವರಿ ಪಲ್ಯ ಇಡಲು ಒಂದು ನಿಮಿಷ, ಮಡಿಸಿ ಎತ್ತಲು ಅರ್ಧ. ಒಟ್ಟು ಐದು ನಿಮಿಷ. ಗಂಟೆಗೆ ಹನ್ನೆರಡು ಸರದಿ, ಎಪ್ಪತ್ತೆರಡು ದೋಸೆ. ಒಳ್ಳೆಯ ಭಟ್ಟರಾದರೂ ಈ ಕಲ್ಲಿನಿಂದ ಇದಕ್ಕಿಂತ ಹೆಚ್ಚು ತೆಗೆಯಲಾರರು.

ಈಗ ಏಳೂಕಾಲರಿಂದ ಏಳು ಮೂವತ್ತೈದರವರೆಗಿನ ಇಪ್ಪತ್ತು ನಿಮಿಷ ನೋಡೋಣ. ಹನ್ನೆರಡು ಟೇಬಲ್ಲೂ ತುಂಬುತ್ತವೆ. ಟೇಬಲ್ಲಿಗೆ ಮೂರು ದೋಸೆಯಂತೆ ಮೂವತ್ತಾರು. ಅದೇ ಹೊತ್ತಿಗೆ ಗಲ್ಲಾದ ಮುಂದೆ ನಿಂತ ಪಾರ್ಸಲಿನವರು, ಫೋನಿನಲ್ಲಿ ಬಂದ ಆರ್ಡರು, ಡೆಲಿವರಿ ಹುಡುಗರು ಸೇರಿ ಎಂಟು ಪಾರ್ಸಲ್, ಎರಡೆರಡರಂತೆ ಹದಿನಾರು. ಒಟ್ಟು ಐವತ್ತೆರಡು ದೋಸೆಗೆ ಒಂಬತ್ತು ಸರದಿ ಬೇಕು. ಕಲ್ಲು ಪೂರ್ತಿ ವೇಗದಲ್ಲಿ ನಡೆದರೂ ನಲವತ್ತೈದು ನಿಮಿಷ. ಆಗಲೂ ಕೊನೆಯ ಟೇಬಲ್ಲಿಗೆ ಎಂಟು ಗಂಟೆಗೆ ದೋಸೆ ಬರಬೇಕು. ಬರುತ್ತಿದ್ದದ್ದು ಎಂಟೂ ಇಪ್ಪತ್ತಕ್ಕೆ. ಏಕೆಂದರೆ ಕಲ್ಲು ಗಂಟೆಗೆ ಎಪ್ಪತ್ತೆರಡು ಕೊಡುತ್ತಿರಲಿಲ್ಲ, ನಲವತ್ತೆಂಟರ ಆಸುಪಾಸಿನಲ್ಲಿತ್ತು. ಐದು ನಿಮಿಷದ ಸರದಿ ಏಳೂವರೆ ನಿಮಿಷಕ್ಕೆ ಎಳೆದಿತ್ತು.

ಇದಕ್ಕೆ ದೊಡ್ಡ ಕಾರಣ ಸೆಟ್ ದೋಸೆ. ಮಸಾಲೆ ದೋಸೆಗೆ ಕಲ್ಲು ಜೋರಾಗಿ ಕಾದಿರಬೇಕು. ನೀರು ಚಿಮುಕಿಸಿ ಮೇಲ್ಮೈಯನ್ನು ಒಂದು ಕ್ಷಣ ತಣಿಸಿ ಹುಯ್ಯುತ್ತಾರೆ, ಹರಡಿದ ಕೂಡಲೇ ಒಳಗಿನ ಕಾವು ಮೇಲೆ ಬಂದು ತಳ ಗರಿಯಾಗುತ್ತದೆ. ಕಾವು ಮೀರಿದರೆ ಹಿಟ್ಟು ಸೌಟಿಗೆ ಅಂಟಿ ಮುದ್ದೆಯಾಗುತ್ತದೆ, ಕಡಿಮೆಯಾದರೆ ಕಲ್ಲಿಗೆ ಅಂಟುತ್ತದೆ. ಸೆಟ್ ದೋಸೆಯ ಗುಣವೇ ಬೇರೆ. ದಪ್ಪಗೆ ಹುಯ್ದು, ಹದವಾದ ಉರಿಯಲ್ಲಿ, ಮುಚ್ಚಳ ಮುಚ್ಚಿ, ಆವಿಯಲ್ಲಿ ಬೇಯಬೇಕು. ಎರಡನ್ನೂ ಒಂದೇ ಕಲ್ಲಿನ ಮೇಲೆ ಹುಯ್ದರೆ ಭಟ್ಟರು ಉರಿಯನ್ನು ನಡುಮಧ್ಯಕ್ಕೆ ಇಳಿಸುತ್ತಾರೆ. ಆಗ ಮಸಾಲೆ ಗರಿಯಾಗುವುದಿಲ್ಲ, ಸೆಟ್ ದೋಸೆಯ ತಳ ಸೀಯುತ್ತದೆ, ಎರಡೂ ಹೆಚ್ಚು ಹೊತ್ತು ಹಿಡಿಯುತ್ತವೆ. ರವೆ ದೋಸೆ ಸೇರಿದರೆ ಇನ್ನೂ ಕಷ್ಟ. ನೀರು ನೀರಾದ ಹಿಟ್ಟು ಚೆಲ್ಲಿ ಜಾಲರಿ ಬರಲು ತೀರ ಕಾದ ಕಲ್ಲೇ ಬೇಕು, ಆಮೇಲೆ ಆರೇಳು ನಿಮಿಷ ಅಲ್ಲೇ ಕೂತಿರುತ್ತದೆ. ಗಿರಾಕಿಯ ಕಣ್ಣಿಗೆ ಇವೆಲ್ಲ ದೋಸೆಯೇ. ಕಲ್ಲಿಗೆ ಇವು ಮೂರು ಬೇರೆ ಕೆಲಸ.

ಇನ್ನೊಂದು ಕಾರಣ ಗ್ಯಾಸು. ದೋಸೆ ಕಲ್ಲಿನ ಒಲೆಗೆ 19 ಕೆ.ಜಿ.ಯ ಒಂದೇ ಸಿಲಿಂಡರ್ ಜೋಡಿಸಿತ್ತು. ದೊಡ್ಡ ಬರ್ನರ್‌ಗಳು ಸತತವಾಗಿ ಅನಿಲ ಎಳೆದಾಗ ಒಳಗಿನ ದ್ರವ ಆವಿಯಾಗುತ್ತ ಸಿಲಿಂಡರನ್ನೇ ತಣ್ಣಗೆ ಮಾಡುತ್ತದೆ. ಹೊರಮೈಯಲ್ಲಿ ನೀರಹನಿ ಕಟ್ಟುತ್ತದೆ, ಒತ್ತಡ ಇಳಿಯುತ್ತದೆ, ಉರಿ ಸಣ್ಣದಾಗುತ್ತದೆ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಚಳಿ ಸಂಜೆಗಳಲ್ಲಿ ಈ ತೊಂದರೆ ಚೆನ್ನಾಗಿ ಗೊತ್ತಾಗುತ್ತದೆ, ಅದರಲ್ಲೂ ಸಿಲಿಂಡರ್ ಅರ್ಧಕ್ಕಿಂತ ಕಡಿಮೆ ಇದ್ದಾಗ. ಏಳೂವರೆಗೆ ಉರಿ ಇಳಿಯಿತು ಎಂದರೆ ಸಾಮಾನ್ಯವಾಗಿ ಬರ್ನರನ್ನು ಬೈಯುತ್ತಾರೆ. ಬರ್ನರಿನದು ತಪ್ಪಿಲ್ಲ. ಎರಡು ಸಿಲಿಂಡರನ್ನು ಒಂದೇ ಪೈಪಿಗೆ ಸೇರಿಸಿ ಎರಡರಿಂದಲೂ ಒಟ್ಟಿಗೆ ಅನಿಲ ಬರುವಂತೆ ಏಜೆನ್ಸಿಯ ಮೆಕ್ಯಾನಿಕ್‌ರಿಂದ ಮಾಡಿಸಿದರೆ ಎಳೆತ ಅರ್ಧಕ್ಕಿಳಿದು ಉರಿ ನಿಲ್ಲುತ್ತದೆ. ಸಿಲಿಂಡರಿಗೆ ಬಿಸಿನೀರು ಹುಯ್ಯುವುದು, ಬಿಸಿನೀರಿನ ತಟ್ಟೆಯಲ್ಲಿ ಇಡುವುದು ಕೆಲವು ಕಡೆ ಇದೆ. ಅದು ಪ್ರಾಣಾಪಾಯದ ಕೆಲಸ, ಮಾಡಲೇಬಾರದು.

ಹಿಟ್ಟು ಹುದುಗದಿದ್ದರೆ

ಚಳಿಗಾಲದ ಭಾನುವಾರಗಳಲ್ಲಿ ದೂರು ಇನ್ನೂ ಹೆಚ್ಚಾಗುತ್ತಿದ್ದದ್ದಕ್ಕೆ ಗ್ಯಾಸಿನ ಜೊತೆ ಹಿಟ್ಟೂ ಕಾರಣ. ನೂರೈವತ್ತು ದೋಸೆಗೆ, ಒಂದಕ್ಕೆ 120 ಗ್ರಾಂನಂತೆ, 18 ಕೆ.ಜಿ. ಹಿಟ್ಟು ಬೇಕು. ಹೋಟೆಲಿನ ಅಳತೆ: ದೋಸೆ ಅಕ್ಕಿ 5 ಕೆ.ಜಿ., ಉದ್ದಿನಬೇಳೆ 1.1 ಕೆ.ಜಿ., ಅವಲಕ್ಕಿ 250 ಗ್ರಾಂ, ಕಡಲೆಬೇಳೆ 150 ಗ್ರಾಂ, ಮೆಂತ್ಯ 50 ಗ್ರಾಂ. ಅಕ್ಕಿಯನ್ನೂ ಬೇಳೆಯನ್ನೂ ಬೇರೆ ಬೇರೆ ಐದು ಗಂಟೆ ನೆನೆಸುತ್ತಾರೆ. ಉದ್ದನ್ನು ನುಣ್ಣಗೆ, ಅಕ್ಕಿಯನ್ನು ಸಣ್ಣ ರವೆಯ ತರಿ ಕೈಗೆ ಸಿಗುವಂತೆ ರುಬ್ಬುತ್ತಾರೆ. ಕಡಲೆಬೇಳೆ ಬಣ್ಣಕ್ಕೆ, ಅವಲಕ್ಕಿ ಮೃದುತನಕ್ಕೆ, ಮೆಂತ್ಯ ಪರಿಮಳಕ್ಕೆ ಮತ್ತು ಹಿಟ್ಟು ಗಾಳಿ ಹಿಡಿದಿಟ್ಟುಕೊಳ್ಳುವುದಕ್ಕೆ. ಮೆಂತ್ಯ ಇದಕ್ಕಿಂತ ಜಾಸ್ತಿಯಾದರೆ ಕಹಿ.

ಈ ಅಳತೆಯಲ್ಲಿ ದೋಷವಿಲ್ಲ. ದೋಷ ಹೊತ್ತಿನದು. 28-30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು-ಹತ್ತು ಗಂಟೆಗೆ ಹುದುಗುವ ಹಿಟ್ಟು, ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುವ ದಿನಗಳಲ್ಲಿ ಹದಿನಾರು ಗಂಟೆಯಾದರೂ ಎದ್ದಿರುವುದಿಲ್ಲ. ಏಪ್ರಿಲ್‌ನಲ್ಲಿ ಭಾನುವಾರ ಬೆಳಿಗ್ಗೆ ಏಳಕ್ಕೆ ರುಬ್ಬಿ ಸಂಜೆಗೆ ಬಳಸುತ್ತಿದ್ದವರು ಡಿಸೆಂಬರ್‌ನಲ್ಲೂ ಅದೇ ಗಂಟೆಗೆ ರುಬ್ಬುತ್ತಿದ್ದರು. ಹುದುಗದ ಹಿಟ್ಟಿನ ದೋಸೆ ಬಿಳುಚಿಕೊಂಡಿರುತ್ತದೆ, ತೂತು ಬೀಳುವುದಿಲ್ಲ, ಕೆಂಪಗಾಗಲು ಹೆಚ್ಚು ಹೊತ್ತು ಬೇಕು. ಅಲ್ಲಿಗೆ ಕಲ್ಲಿನ ಸರದಿ ಇನ್ನಷ್ಟು ಉದ್ದ. ಬಣ್ಣ ಬರಲೆಂದು ಸಕ್ಕರೆ, ಹಿಟ್ಟು ಉಬ್ಬಲೆಂದು ಸೋಡಾ ಹಾಕುವುದು ಸುಲಭದ ದಾರಿ. ಸೋಡಾ ಹಾಕಿದ ದೋಸೆ ಬೇಗ ಕೆಂಪಗಾಗುತ್ತದೆ ನಿಜ, ಆದರೆ ಹುಳಿಯ ರುಚಿ ಸತ್ತು ಸಾಬೂನಿನ ವಾಸನೆ ನಾಲಿಗೆಯಲ್ಲಿ ಉಳಿಯುತ್ತದೆ. ವಾರ ವಾರ ಬರುವ ಗಿರಾಕಿ ಇದನ್ನು ಕಂಡುಹಿಡಿಯುತ್ತಾರೆ.

ಸರಿಪಡಿಸಿದ್ದು ಹೀಗೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಭಾನುವಾರದ ಹಿಟ್ಟನ್ನು ಶನಿವಾರ ರಾತ್ರಿ ಹತ್ತಕ್ಕೆ ರುಬ್ಬುವುದು. ರುಬ್ಬಲು ಉಗುರುಬೆಚ್ಚನೆಯ ನೀರು ಬಳಸುವುದು, ಗ್ರೈಂಡರಿನಿಂದ ಇಳಿಯುವಾಗ ಹಿಟ್ಟು ಮುಟ್ಟಿದರೆ ಬೆಚ್ಚಗಿರಬೇಕು. ಹಿಂದಿನ ದಿನದ ಒಳ್ಳೆಯ ಹಿಟ್ಟನ್ನು ಹತ್ತಕ್ಕೊಂದು ಪಾಲು ಕಲಸುವುದು. ಪಾತ್ರೆಯ ಮೂರನೇ ಒಂದು ಭಾಗ ಖಾಲಿ ಬಿಟ್ಟು, ಇಡ್ಲಿ ಬಾಯ್ಲರಿನ ಪಕ್ಕದ ಗೋಡೆಗೆ ಒತ್ತಿ, ಗೋಣಿ ಹೊದಿಸಿ ಇಡುವುದು. ಎದ್ದ ಹಿಟ್ಟನ್ನು ಭಾನುವಾರ ಮಧ್ಯಾಹ್ನವೇ ಫ್ರಿಜ್ಜಿಗೆ ಹಾಕಿ, ಸಂಜೆ ಆರೂವರೆಗೆ ಬೇಕಾದಷ್ಟು ಮಾತ್ರ ಹೊರಗೆ ತೆಗೆಯುವುದು. ತಣ್ಣನೆಯ ಹಿಟ್ಟನ್ನು ನೇರವಾಗಿ ಕಲ್ಲಿಗೆ ಹುಯ್ದರೆ ಕಲ್ಲಿನ ಕಾವು ಕುಸಿದು ಮತ್ತೆ ಅದೇ ತಡ.

ಪಲ್ಯದ ಆಲೂಗಡ್ಡೆ

ಹಾಸನದಲ್ಲಿ ಕೂತು ಆಲೂಗಡ್ಡೆ ಬಗ್ಗೆ ಬರೆಯುವಾಗ ಜಾಗ್ರತೆ ಬೇಕು, ಇಲ್ಲಿನ ಅರ್ಧ ಗಿರಾಕಿಗಳ ನಂಟರು ಆಲೂಗಡ್ಡೆ ಬೆಳೆದವರೇ. ಜಿಲ್ಲೆಯ ಮುಂಗಾರು ಬೆಳೆ ಮೇ-ಜೂನಿನಲ್ಲಿ ಬಿತ್ತನೆಯಾಗಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೈಗೆ ಬರುತ್ತದೆ. ಬಿತ್ತನೆ ಗಡ್ಡೆ ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಅಂಗಮಾರಿ ರೋಗದ ಭಯಕ್ಕೆ, ಬೆಲೆಯ ಆಸೆಗೆ ಬೇಗ ಕಿತ್ತ ಹೊಸ ಗಡ್ಡೆಯಲ್ಲಿ ನೀರು ಜಾಸ್ತಿ, ಹಿಟ್ಟು ಕಡಿಮೆ. ಬೇಯಿಸಿದರೆ ಪಲ್ಯ ನೀರು ಬಿಟ್ಟು ದೋಸೆಯ ಒಳಮೈಯನ್ನು ಐದೇ ನಿಮಿಷದಲ್ಲಿ ತೋಯಿಸುತ್ತದೆ. ಅದಕ್ಕೆ ಬೇಯಿಸಿದ ಗಡ್ಡೆಯನ್ನು ಸುಲಿದು ಅರ್ಧ ಗಂಟೆ ಅಗಲ ತಟ್ಟೆಯಲ್ಲಿ ಆರಿಸಿ, ಹಬೆ ಪೂರ್ತಿ ಹೋದ ಮೇಲೆ ಪುಡಿಮಾಡಬೇಕು.

ಕೋಲ್ಡ್ ಸ್ಟೋರೇಜಿನ ಗಡ್ಡೆಯದು ಬೇರೆ ಸಮಸ್ಯೆ. 2-4 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇದ್ದ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ. ಪಲ್ಯ ಸಿಹಿಸಿಹಿ, ಅಂಟಂಟು. ಮೂಟೆ ತಂದ ದಿನವೇ ಬಳಸದೆ ಎರಡು ವಾರ ಗಾಳಿಯಾಡುವ ಕತ್ತಲೆ ಜಾಗದಲ್ಲಿ ಹರಡಿಟ್ಟರೆ ಸಿಹಿ ಬಹುಮಟ್ಟಿಗೆ ಇಳಿಯುತ್ತದೆ. ನೂರೈವತ್ತು ದೋಸೆಗೆ, ಒಂದಕ್ಕೆ 65 ಗ್ರಾಂನಂತೆ, ಸುಮಾರು ಹತ್ತು ಕೆ.ಜಿ. ಪಲ್ಯ. ಅದಕ್ಕೆ ಸುಲಿದ ಆಲೂಗಡ್ಡೆ ಏಳು ಕೆ.ಜಿ., ಈರುಳ್ಳಿ ಎರಡೂವರೆ ಕೆ.ಜಿ. ಪಲ್ಯ ಕಲ್ಲಿಗೆ ಬರುವಾಗ ಬಿಸಿಯಾಗಿರಲಿ. ಸಂಜೆ ನಾಲ್ಕಕ್ಕೆ ಮಾಡಿಟ್ಟ ತಣ್ಣನೆ ಪಲ್ಯ ಬಿಸಿ ದೋಸೆಯನ್ನೂ ತಣ್ಣಗೆ ಮಾಡುತ್ತದೆ.

ಚಟ್ನಿ ವಿಚಾರ ಬೇಗ ಮುಗಿಸಬಹುದು. ಕಾಯಿ ಚಟ್ನಿಯನ್ನು ಒಂದೇ ಸಲ ರುಬ್ಬಿಡಬಾರದು, ಆರೂವರೆಗೆ ಒಮ್ಮೆ, ಏಳೂಮುಕ್ಕಾಲಿಗೆ ಒಮ್ಮೆ. ಕುದಿಸಿ ಆರಿಸಿದ ನೀರು. ಉಳಿದ ಚಟ್ನಿಯ ಮೇಲೆ ಹೊಸದನ್ನು ಸುರಿಯಬಾರದು, ಹಳೆಯದರ ಹುಳಿ ಹೊಸದಕ್ಕೂ ಹತ್ತುತ್ತದೆ. ಸಾಂಬಾರ್ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ತೆಳ್ಳಗಾಯಿತೆಂದು ಬೇಳೆ, ಗಟ್ಟಿಯಾಯಿತೆಂದು ತಣ್ಣೀರು ಹಾಕುವ ಬದಲು ಪಕ್ಕದ ಒಲೆಯಲ್ಲಿ ಒಂದು ಪಾತ್ರೆ ಕುದಿನೀರು ಸದಾ ಇರಲಿ.

ಚೀಟಿಯ ಸರದಿ

ಇಷ್ಟೆಲ್ಲ ಸರಿಯಾದರೂ ಒಂದು ದೂರು ಉಳಿಯುತ್ತಿತ್ತು: ಟೇಬಲ್ಲಿನ ನಾಲ್ವರಿಗೆ ಒಟ್ಟಿಗೆ ಬರುವುದಿಲ್ಲ. ಭಟ್ಟರು ಕಲ್ಲನ್ನು ತುಂಬಿಸುವ ಲೆಕ್ಕದಲ್ಲಿ ಆರು ಮಸಾಲೆಯನ್ನು ಆರು ಚೀಟಿಗಳಿಂದ ಎತ್ತಿಕೊಳ್ಳುತ್ತಾರೆ. ಕಲ್ಲಿಗೆ ಅದು ಲಾಭ. ಟೇಬಲ್ಲಿನಲ್ಲಿ ಅಜ್ಜಿಗೆ ಬಂದು ಮೊಮ್ಮಗನಿಗೆ ಬಾರದಿದ್ದರೆ ಅಜ್ಜಿ ತಿನ್ನದೆ ಕಾಯುತ್ತಾರೆ, ಅವರ ದೋಸೆ ಆರಿಹೋಗುತ್ತದೆ. ಆಗ ನಡೆಯುವ ಮಾತು ಎಲ್ಲ ಹೋಟೆಲಿನಲ್ಲೂ ಒಂದೇ:

“ಅಣ್ಣಾ, ಇನ್ನೆರಡು ಮಸಾಲೆ ಎಲ್ಲಪ್ಪ?”

“ಕಲ್ಲ ಮೇಲಿದೆ ಸಾರ್, ಎರಡೇ ನಿಮಿಷ.”

ಸಪ್ಲೈಯರ್ ಕಲ್ಲನ್ನು ನೋಡಿರುವುದಿಲ್ಲ. ನೋಡಿದರೂ ಕಲ್ಲ ಮೇಲಿರುವುದು ಯಾರ ದೋಸೆ ಎಂದು ಹೇಳಲಾರ. ಹತ್ತು ನಿಮಿಷ ಎಂದು ಹೇಳಿ ಹತ್ತಕ್ಕೆ ತಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎರಡು ಎಂದು ಹೇಳಿ ಹತ್ತಾದರೆ ಮುಂದಿನ ವಾರ ಬರುವುದಿಲ್ಲ.

ಬದಲಾವಣೆ ಮಾಡಿದ್ದು ಚೀಟಿ ನೇತುಹಾಕುವ ಕ್ರಮದಲ್ಲಿ. ಒಂದು ಟೇಬಲ್ಲಿಗೆ ಒಂದು ಚೀಟಿ, ಚೀಟಿಯ ಮೇಲೆ ಗಂಟೆ. ಭಟ್ಟರು ಸರದಿ ತುಂಬಿಸುವುದು ಟೇಬಲ್ಲು ಹಿಡಿದು: ಮೂರು ದೋಸೆಯ ಎರಡು ಟೇಬಲ್ಲು, ಇಲ್ಲವೇ ನಾಲ್ಕರದೊಂದು ಮತ್ತು ಎರಡರದೊಂದು. ಬಿಡಿ ಜಾಗ ಉಳಿದರೆ ಮಾತ್ರ ಪಾರ್ಸಲ್. ಕಲ್ಲಿನ ಪಕ್ಕ ಒಬ್ಬ ಹುಡುಗ ನಿಂತು ಚೀಟಿ ಓದಿ ತಟ್ಟೆ ಜೋಡಿಸುತ್ತಾನೆ. ಆರರಲ್ಲಿ ಒಬ್ಬ ಸಪ್ಲೈಯರನ್ನು ಈ ಕೆಲಸಕ್ಕೆ ಹಾಕಿದ್ದು ಇನ್ನೂ ಇಬ್ಬರನ್ನು ತಂದದ್ದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಎತ್ತಿದ ದೋಸೆ ಕಟ್ಟೆಯ ಮೇಲೆ ಮೂರು ನಿಮಿಷ ಕೂತರೂ ಅಡಿಯಲ್ಲಿ ಹಬೆ ಸೇರಿ ಗರಿ ಹೋಗುತ್ತದೆ. ತಣ್ಣನೆ ಸ್ಟೀಲ್ ತಟ್ಟೆಯಾದರೆ ಇನ್ನೂ ಬೇಗ. ತಟ್ಟೆಗಳನ್ನು ಬಾಯ್ಲರಿನ ಮೇಲೆ ಬೆಚ್ಚಗಿಟ್ಟು, ಬಾಳೆಲೆ ತುಂಡು ಹಾಕಿ ಕೊಡುವುದು ಚಳಿಗಾಲದಲ್ಲಿ ಎದ್ದು ಕಾಣುವ ಸುಧಾರಣೆ.

ಇದಕ್ಕಿಂತ ದೊಡ್ಡ ಲಾಭ ಇಡ್ಲಿಯಿಂದ. ಇಡ್ಲಿ ಪೆಟ್ಟಿಗೆ ಒಂದು ಸಲಕ್ಕೆ ನಲವತ್ತೆಂಟು ಇಡ್ಲಿಯನ್ನು ಹನ್ನೆರಡು ನಿಮಿಷದಲ್ಲಿ ಕೊಡುತ್ತದೆ, ಅಂದರೆ ನಿಮಿಷಕ್ಕೆ ನಾಲ್ಕು. ಕಲ್ಲು ಎಷ್ಟು ಚುರುಕಾದರೂ ನಿಮಿಷಕ್ಕೆ ಒಂದೂಕಾಲು ದೋಸೆಯೂ ಇಲ್ಲ. ಆದರೂ ಈ ಹೋಟೆಲಿನಲ್ಲಿ ಸಂಜೆ ಇಡ್ಲಿ ಇರಲಿಲ್ಲ, ‘ಬೆಳಿಗ್ಗೆಯದು ಅಂದುಕೊಳ್ಳುತ್ತಾರೆ’ ಎಂಬ ಅಂಜಿಕೆ. ಏಳು ಗಂಟೆಗೆ ಹೊಸದಾಗಿ ಪೆಟ್ಟಿಗೆ ಹಾಕಿ, ಕೂತ ಕೂಡಲೇ ‘ಬಿಸಿ ಇಡ್ಲಿ ಈಗ ಇಳಿಸಿದ್ದು, ಮಕ್ಕಳಿಗೆ ಕೊಡ್ಲಾ ಅಕ್ಕ?’ ಎಂದು ಕೇಳುವಂತೆ ಹುಡುಗರಿಗೆ ಹೇಳಿಕೊಟ್ಟರು. ಮೂರು ನಿಮಿಷದಲ್ಲಿ ಟೇಬಲ್ಲಿಗೆ ಏನೋ ಒಂದು ಬಂದಿರುತ್ತದೆ, ಮಗು ಅಳುವುದಿಲ್ಲ, ದೊಡ್ಡವರು ಸಾಂಬಾರಿನಲ್ಲಿ ಅದ್ದಿ ಒಂದು ತುಂಡು ತಿಂದಿರುತ್ತಾರೆ. ಕೆಲವು ಟೇಬಲ್ಲಿನಲ್ಲಿ ಮೂರರ ಬದಲು ಎರಡೇ ದೋಸೆ ಸಾಕಾಗುತ್ತದೆ. ಪೆಟ್ಟಿಗೆಗೆ ಬಟ್ಟೆಯನ್ನೇ ಹಾಸಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಇಡ್ಲಿ ಬೇಯಿಸುವುದನ್ನು ನಿಷೇಧಿಸುವುದಾಗಿ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಬಟ್ಟೆಯನ್ನು ಸರದಿ ಸರದಿಗೆ ತೊಳೆದು ಹಿಂಡಿ ಹಾಕಿದರೆ ಅಂಟುವುದೂ ಇಲ್ಲ.

ಸೆಟ್ ದೋಸೆಯನ್ನು ಭಾನುವಾರ ಏಳರಿಂದ ಎಂಟೂವರೆವರೆಗೆ ನಿಲ್ಲಿಸಿದರು. ಮೂಲೆಯಲ್ಲಿ ಬಿದ್ದಿದ್ದ ಸಣ್ಣ ಕಲ್ಲನ್ನು ಹೊರತೆಗೆದ ಮೇಲೆ ಅದರಲ್ಲಿ ಮತ್ತೆ ಶುರುವಾಯಿತು. ರವೆ ದೋಸೆ ಭಾನುವಾರ ಸಂಜೆ ಇಲ್ಲ. ಮೆನು ಬೋರ್ಡಿನಿಂದಲೇ ಅಳಿಸಿದರು, ಏಕೆಂದರೆ ಬೋರ್ಡಿನಲ್ಲಿ ಇದ್ದು ‘ಇಲ್ಲ ಸಾರ್’ ಎನ್ನುವುದು ಮೊದಲೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಪಾರ್ಸಲಿನ ನಿರ್ಧಾರ ಕಷ್ಟದ್ದಾಗಿತ್ತು. ಒಳಗೆ ಅರ್ಧ ಗಂಟೆಯಿಂದ ಕೂತವರು ತಮಗಿಂತ ಆಮೇಲೆ ಬಂದವರ ಪಾರ್ಸಲ್ ಹೊರಗೆ ಹೋಗುವುದನ್ನು ನೋಡುತ್ತಿದ್ದರು. ಅದನ್ನು ಯಾರೂ ಸಹಿಸುವುದಿಲ್ಲ, ಸಹಿಸಲೂಬಾರದು. ಏಳೂಕಾಲರಿಂದ ಎಂಟರವರೆಗೆ ಆ್ಯಪ್‌ ಆರ್ಡರ್ ನಿಲ್ಲಿಸಿ, ಫೋನ್ ಮಾಡಿದವರಿಗೆ ಎಂಟೂಕಾಲಿಗೆ ಬನ್ನಿ ಎಂದು ಹೇಳಲು ಶುರುಮಾಡಿದರು. ಗಲ್ಲಾದ ಮುಂದೆ ನಿಂತವರಿಗೆ ಸರದಿಗೊಂದು ದೋಸೆ. ನಮಗೆ ಇದು ಸರಿ ಎನಿಸುತ್ತದೆ. ಮಸಾಲೆ ದೋಸೆ ಡಬ್ಬಿಯೊಳಗೆ ಹೇಗೂ ಮೆತ್ತಗಾಗುತ್ತದೆ. ಕಟ್ಟುವಾಗ ಪಲ್ಯ ಬೇರೆ ಕಟ್ಟಿ, ದೋಸೆಯನ್ನು ಒಂದು ನಿಮಿಷ ಆರಲು ಬಿಟ್ಟು ಬಾಳೆಲೆ-ಕಾಗದದಲ್ಲಿ ಸುತ್ತಿದರೆ ಮನೆ ಮುಟ್ಟುವವರೆಗೆ ತಕ್ಕಮಟ್ಟಿಗೆ ಇರುತ್ತದೆ.

ಹೊಸ ಲೆಕ್ಕ ಹೀಗಿದೆ. ಇಡ್ಲಿ ಬಂದ ಮೇಲೆ ಹನ್ನೆರಡು ಟೇಬಲ್ಲಿಗೆ ಮೂವತ್ತು ದೋಸೆ. ಸರದಿಗೆ ಐದು ಒಳಗೆ, ಒಂದು ಪಾರ್ಸಲಿಗೆ. ಆರು ಸರದಿ, ಮೂವತ್ತು ನಿಮಿಷ. ಏಳು ಮೂವತ್ತೈದಕ್ಕೆ ಕೂತ ಕೊನೆಯ ಟೇಬಲ್ಲಿಗೆ ಹತ್ತು-ಹದಿನೈದು ನಿಮಿಷದಲ್ಲಿ ದೋಸೆ. ಅದೇ ಕಲ್ಲು, ಅದೇ ಭಟ್ಟರು.

ಕಾಫಿ, ಬಿಲ್ಲು, ಜಾಗ

ಊಟ ಮುಗಿದ ಮೇಲೆ ಟೇಬಲ್ಲು ಖಾಲಿಯಾಗಲು ಹದಿನೈದು ನಿಮಿಷ ಹೋಗುತ್ತಿತ್ತು, ಅದರಲ್ಲಿ ಹೆಚ್ಚಿನದು ಕಾಫಿಗೆ ಮತ್ತು ಬಿಲ್ಲಿಗೆ ಕಾಯುವುದು. ನಾಲ್ಕು ಗಂಟೆಗೆ ಇಳಿಸಿದ ಡಿಕಾಕ್ಷನ್ ಎಂಟಕ್ಕೆ ಸತ್ತಿರುತ್ತದೆ. ಸಕಲೇಶಪುರದ ತೋಟಗಳ ಜಿಲ್ಲೆಯಲ್ಲಿ ಇದನ್ನು ಕೊಟ್ಟರೆ ಜನ ಕ್ಷಮಿಸುವುದಿಲ್ಲ. ಆರೂಮುಕ್ಕಾಲಿಗೆ 500 ಗ್ರಾಂ ಪುಡಿಗೆ ಮೂರು ಲೀಟರ್‌ನಷ್ಟು ಹೊಸ ಡಿಕಾಕ್ಷನ್ ಇಳಿಸಿದರೆ, ಕಪ್ಪಿಗೆ 30 ಮಿ.ಲೀ.ನಂತೆ ನೂರು ಕಾಫಿ. ಬೈ ಟು ಕೇಳುವವರು ಹೆಚ್ಚಿರುವ ಸಂಜೆ ಅದು ಸಾಕು. ಕಾಫಿಯ ಜೊತೆಗೇ ಬಿಲ್ಲು ಇಟ್ಟುಬಿಡುವುದು ಅವಮರ್ಯಾದೆ ಎಂದು ಮಾಲೀಕರು ಹಿಂಜರಿದರು. ಸೋಂಪಿನ ತಟ್ಟೆಯಲ್ಲಿ ಬಿಲ್ಲಿಟ್ಟು ‘ನಿಧಾನಕ್ಕೆ ಕುಡೀರಿ’ ಎಂದರೆ ಯಾರಿಗೂ ಬೇಸರವಾಗುವುದಿಲ್ಲ.

ಬಿಲ್ಲಿನ ವಿಷಯದಲ್ಲಿ ಗಿರಾಕಿಗಳು ಒಂದೆರಡು ಸಂಗತಿ ತಿಳಿದಿರಬೇಕು. ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿರುವ (ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಇಂತಿಷ್ಟೆಂದು ತೆರಿಗೆ ಕಟ್ಟುವ ಯೋಜನೆ) ಹೋಟೆಲು ಗಿರಾಕಿಯಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಸಾಮಾನ್ಯ ನೋಂದಣಿಯ ಇಂಥ ಹೋಟೆಲಿನಲ್ಲಿ ತೆರಿಗೆ ಶೇ. 5. ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಅಥವಾ ನೋಂದಣಿಯ ಹದಿನಾಲ್ಕು ಅಂಕಿಯ ಸಂಖ್ಯೆ ಇರಬೇಕು.

ಜಾಗ ಹಂಚಿಕೊಳ್ಳುವ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಬೆಳಗಿನ ತಿಂಡಿಗೆ ನಾಲ್ಕರ ಟೇಬಲ್ಲಿನಲ್ಲಿ ಇಬ್ಬರಿದ್ದರೆ ಮೂರನೆಯವರು ಬಂದು ಕೂರುವುದು ಇಲ್ಲಿ ಸಹಜ. ಭಾನುವಾರ ಸಂಜೆ ಸಂಸಾರದವರ ಪಕ್ಕ ಅಪರಿಚಿತರನ್ನು ಕೂರಿಸಿದರೆ ಎರಡೂ ಕಡೆಯವರಿಗೆ ಮುಜುಗರ. ಎರಡು ಟೇಬಲ್ಲನ್ನು ಒಂಟಿಯಾಗಿ ಬರುವವರಿಗೆ, ಕಾಲೇಜು ಹುಡುಗರಿಗೆ ಎಂದು ಗೋಡೆಯ ಪಕ್ಕ ಬೇರೆ ಇಟ್ಟದ್ದು ಸ್ವಲ್ಪ ಸಹಾಯವಾಗಿದೆ. ಹೊರಗೆ ಬೆಂಚು ಹಾಕಿ ಟೋಕನ್ ಕೊಡುತ್ತಾರೆ. ಟೇಬಲ್ಲಿನಲ್ಲಿ ಬರಿಗೈಯಲ್ಲಿ ಕಾಯುವುದಕ್ಕಿಂತ ಹೊರಗೆ ಬೆಂಚಿನ ಮೇಲೆ ಕಾಯುವುದು ಹಗುರ, ಮಕ್ಕಳಿಗೂ ಓಡಾಡಲು ಜಾಗವಿರುತ್ತದೆ.

ಹೋಟೆಲಿಗೆ ಹೋಗುವವರಿಗೆ ಇಷ್ಟು ಹೇಳಬಹುದು. ಏಳರೊಳಗೆ ಅಥವಾ ಎಂಟೂಕಾಲರ ನಂತರ ಹೋದರೆ ಅದೇ ದೋಸೆ ಅರ್ಧ ಹೊತ್ತಿಗೆ ಸಿಗುತ್ತದೆ. ಇಡೀ ಟೇಬಲ್ಲಿನದನ್ನು ಒಂದೇ ಸಲ ಹೇಳಿ. ‘ಮೊದಲು ಎರಡು ಮಸಾಲೆ, ಆಮೇಲೆ ನೋಡೋಣ’ ಎಂದರೆ ಆ ಆಮೇಲಿನದು ಚೀಟಿಗಳ ಕೊನೆಗೆ ಹೋಗುತ್ತದೆ. ನಾಲ್ವರೂ ನಾಲ್ಕು ಬಗೆಯ ದೋಸೆ ಹೇಳಿದರೆ ನಾಲ್ಕೂ ಒಟ್ಟಿಗೆ ಬರುವುದಿಲ್ಲ. ಗರಿ ಬೇಕೆಂದರೆ ‘ರೋಸ್ಟ್ ಮಾಡಿ’ ಎನ್ನುವುದನ್ನು ಆರ್ಡರ್ ಮಾಡುವಾಗಲೇ ಹೇಳಿ, ತಟ್ಟೆ ಬಂದ ಮೇಲೆ ವಾಪಸ್ ಕಳಿಸಿದ ದೋಸೆ ಮತ್ತೆ ಗರಿಯಾಗುವುದಿಲ್ಲ, ಒಣಗುತ್ತದೆ.

ಎರಡನೇ ದೊಡ್ಡ ಕಲ್ಲು ಹಾಕಿಸುವ ಮಾತು ಇನ್ನೂ ನಡೆಯುತ್ತಿದೆ. ಅದಕ್ಕೆ ಒಲೆ, ಹೊಗೆ ಎಳೆಯುವ ಚಿಮಣಿ, ನಿಲ್ಲಲು ನಾಲ್ಕಡಿ ಜಾಗ, ಎಲ್ಲಕ್ಕಿಂತ ಮುಖ್ಯವಾಗಿ ಇನ್ನೊಬ್ಬರು ಭಟ್ಟರು ಬೇಕು. ವಾರದ ಒಂದೂಕಾಲು ಗಂಟೆಗೆ ಅಷ್ಟು ಖರ್ಚು ಗಿಟ್ಟುವುದಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳದು ಬೇರೆ ಲೆಕ್ಕ. ಆಗ ದೇವಸ್ಥಾನದ ಸುತ್ತಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಪೇಟೆಯ ಹೋಟೆಲುಗಳಿಗೆ ಹೋಗುತ್ತಿದ್ದ ಬಡಾವಣೆಯವರೂ ಇಲ್ಲಿಗೇ ಬರುತ್ತಾರೆ, ಪ್ರತಿ ಸಂಜೆಯೂ ಭಾನುವಾರವೇ. ಆ ದಿನಗಳಿಗೆ ಬಾಡಿಗೆ ಕಲ್ಲು, ದಿನಗೂಲಿಯ ಭಟ್ಟರು, ದಿನಕ್ಕೆ 30 ಕೆ.ಜಿ. ಹಿಟ್ಟು ಎಂದು ಒಂದು ತಿಂಗಳು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹಬ್ಬ ಹತ್ತಿರ ಬಂದ ಮೇಲೆ ಹುಡುಕಿದರೆ ಕಲ್ಲು ಸಿಗಬಹುದು, ಭಟ್ಟರು ಸಿಗುವುದಿಲ್ಲ.